ಕಾಪಿ ಡೆಸ್ಕಿನಲ್ಲಿ ‘ಸೆಡ್’

ಅಮೆರಿಕದಲ್ಲಿ ಎಂ.ಎಸ್. ಓದುವಾಗ ನಮ್ಮ ವಿಶ್ವವಿದ್ಯಾಲಯದ ವಿದ್ಯಾರ್ಥಿ ಪತ್ರಿಕೆಯಲ್ಲಿ ಕಾಪಿ, ಅಂದರೆ ಅಚ್ಚಿಗೆ ಹೋಗುವ ಮೊದಲಿನ ವರದಿ, ತಿದ್ದುವ ಕೆಲಸ ಮಾಡುತ್ತಿದ್ದೆ. ಯಾವ ವರದಿ ಕೈಗೆ ಬಂದರೂ ನನ್ನ ಕಣ್ಣು ಮೊದಲು ಹೋಗುತ್ತಿದ್ದದ್ದು ಉದ್ಧರಣ ಚಿಹ್ನೆಯ ಪಕ್ಕದ ಕ್ರಿಯಾಪದದ ಕಡೆಗೆ. ‘ಎಕ್ಸ್‌ಕ್ಲೇಮ್ಡ್’, ‘ಸ್ಟೇಟೆಡ್’, ‘ಷೇರ್ಡ್’ ಎಂದು ಹೊಸ ವರದಿಗಾರರು ಧಾರಾಳವಾಗಿ ಬರೆಯುತ್ತಿದ್ದರು. ಬರೆದ ಪದವನ್ನೇ ಮತ್ತೆ ಬರೆಯಬಾರದು ಎಂದು ಶಾಲೆಯಲ್ಲಿ ಕಲಿತವರು ಅವರು. ನಾನು ಹೆಚ್ಚಿನವನ್ನು ಹೊಡೆದುಹಾಕಿ ‘ಸೆಡ್’ (said), ಅಂದರೆ ಬರೀ ‘ಹೇಳಿದರು’, ಎಂದು ತಿದ್ದುತ್ತಿದ್ದೆ. ಅಸೋಸಿಯೇಟೆಡ್ ಪ್ರೆಸ್ ಸುದ್ದಿಸಂಸ್ಥೆಯ ಬರವಣಿಗೆ ಶೈಲಿಯನ್ನು ಪಾಲಿಸುವ ಪತ್ರಿಕೆಗಳಲ್ಲಿ ಅದೇ ರೂಢಿ. ‘ಗುಡುಗಿದರು’, ‘ಕಿಡಿಕಾರಿದರು’ ಓದುತ್ತಾ ಬೆಳೆದ ನನಗೆ ಮೊದಮೊದಲು ಇದು ಸಪ್ಪೆ ಎನಿಸಿದ್ದು ನಿಜ. ಬರಬರುತ್ತಾ ಅದರ ಬಲ ತಿಳಿಯಿತು.

ಶುಲ್ಕ ಏರಿಕೆಯ ವರದಿಯೊಂದರಲ್ಲಿ, ಬಜೆಟ್ಟಿನಲ್ಲಿ ಕೊರತೆ ಇದೆ ಎಂಬ ಅಧಿಕಾರಿಯ ಮಾತಿಗೆ ‘ಅಡ್ಮಿಟೆಡ್’ ಎಂದು ಸೇರಿಸಲಾಗಿತ್ತು. “ಅವರು ಇದನ್ನು ಮುಚ್ಚಿಟ್ಟಿದ್ದರೇ?” ಎಂದು ವರದಿಗಾರ್ತಿಯನ್ನು ಕೇಳಿದೆ. ಇಲ್ಲ, ಸಭೆಯಲ್ಲಿ ಯಾರೂ ಕೇಳುವ ಮೊದಲೇ ಹೇಳಿದ್ದರು. ಹಾಗಿದ್ದ ಮೇಲೆ ‘ಒಪ್ಪಿಕೊಂಡರು’ ಎಂದರೆ ಇಲ್ಲದ ತಪ್ಪನ್ನು ಅವರ ತಲೆಗೆ ಕಟ್ಟಿದಂತೆ. ‘ಕ್ಲೇಮ್ಡ್’ (ಹಾಗೆಂದು ಹೇಳಿಕೊಂಡರು) ಇನ್ನೂ ಅಪಾಯಕಾರಿ. ಕಿರುಕುಳದ ದೂರು ಕೊಟ್ಟ ವಿದ್ಯಾರ್ಥಿನಿಯ ಮಾತಿಗೆ ಅದನ್ನು ಹಚ್ಚಿದರೆ, ಆಕೆಯನ್ನು ನಂಬಬೇಡಿ ಎಂದು ಪತ್ರಿಕೆಯೇ ಓದುಗರ ಕಿವಿಯಲ್ಲಿ ಹೇಳಿದ ಹಾಗಾಗುತ್ತದೆ. ಅದೇ ಕ್ಯಾಂಪಸ್ಸಿನಲ್ಲಿ ಮರುದಿನ ಆಕೆ ತರಗತಿಗೆ ಬರಬೇಕು, ಅದನ್ನು ಬರೆದವರೂ ಬರಬೇಕು. ವಿದ್ಯಾರ್ಥಿ ಪತ್ರಿಕೆಯಲ್ಲಿ ಈ ಎಚ್ಚರ ಇನ್ನೂ ಹೆಚ್ಚು ಬೇಕು ಎಂದು ನಾನು ಗಟ್ಟಿಯಾಗಿ ನಂಬುತ್ತೇನೆ.

‘ಬಿಲೀವ್ಸ್’, ‘ಫೀಲ್ಸ್’ ಕಂಡರೂ ತಡೆಯುತ್ತಿದ್ದೆ. ಇನ್ನೊಬ್ಬರ ಮನಸ್ಸಿನೊಳಗೆ ವರದಿಗಾರ ಇಣುಕಲಾರ. ತಾನು ಹೀಗೆ ನಂಬುತ್ತೇನೆ ಎಂದು ಅವರು ಹೇಳಿದರು ಎಂದಷ್ಟೇ ಬರೆಯಬಲ್ಲ. ‘ಸ್ಮೈಲ್ಡ್’ (ಮುಗುಳ್ನಕ್ಕರು) ಅಂತೂ ಮಾತನಾಡುವ ಕ್ರಿಯೆಯೇ ಅಲ್ಲ.

ಹೆಚ್ಚು ಚರ್ಚೆಯಾಗುತ್ತಿದ್ದದ್ದು ಇಮೇಲ್ ಬಗ್ಗೆ. ಪ್ರಾಧ್ಯಾಪಕರೂ ಆಡಳಿತದವರೂ ಮುಖಾಮುಖಿ ಸಿಗದೆ ಲಿಖಿತ ಉತ್ತರ ಕಳುಹಿಸುವುದು ಸಾಮಾನ್ಯ. ಅಲ್ಲಿ ಬರೀ ‘ಸೆಡ್’ ಎಂದರೆ, ಎದುರು ಕೂತು ಮಾತನಾಡಿದರು, ನಾವು ಮರುಪ್ರಶ್ನೆ ಕೇಳಿದೆವು ಎಂಬ ಭಾವನೆ ಬರುತ್ತದೆ. ಆದ್ದರಿಂದ ‘ಸೆಡ್ ಇನ್ ಆ್ಯನ್ ಇಮೇಲ್’ ಎಂದು ಬರೆಸುತ್ತಿದ್ದೆ. ಮೂರು ಪದ ಉಳಿಸಲು ಅದನ್ನು ಕತ್ತರಿಸೋಣ ಎಂದು ಪುಟ ವಿನ್ಯಾಸದವರು ಕೇಳಿದಾಗ ಬೇರೆ ಸಾಲನ್ನು ಕತ್ತರಿಸಿ ಕೊಡುತ್ತಿದ್ದೆ.

ವ್ಯಕ್ತಿಚಿತ್ರ ಬರೆಯುವವರು ವರ್ತಮಾನಕಾಲದ ‘ಸೇಸ್’ (ಹೇಳುತ್ತಾರೆ) ಬಳಸುತ್ತೇವೆ ಎಂದರೆ ನನ್ನ ಅಡ್ಡಿಯಿರಲಿಲ್ಲ. ಒಂದೇ ಲೇಖನದಲ್ಲಿ ಎರಡನ್ನೂ ಕಲಸಲು ಮಾತ್ರ ಬಿಡುತ್ತಿರಲಿಲ್ಲ.