‘ಟ್ರಯಲ್ ಬೈ ಜ್ಯೂರಿ’: ಹಾಡನ್ನು ಸೆಟ್ಟಿನಲ್ಲೇ ಹಿಡಿದದ್ದು

ಗಿಲ್ಬರ್ಟ್–ಸಲಿವನ್ ಜೋಡಿಯ 1875ರ ಈ ಆಪರೆಟಾದಲ್ಲಿ, ಅಂದರೆ ಹಗುರ ಹಾಸ್ಯದ ಹಾಡುನಾಟಕದಲ್ಲಿ, ಮಾತೇ ಇಲ್ಲ, ಎಲ್ಲವೂ ಹಾಡು. ಒಂದೇ ಅಂಕ, ಒಂದೇ ಕೋರ್ಟು, ಮುಕ್ಕಾಲು ಗಂಟೆಯೊಳಗೆ ಮುಗಿಯುತ್ತೆ. ಲಂಡನ್ನಿನಲ್ಲಿ ಸಣ್ಣ ದುಡ್ಡಿಗೆ ಸಿನಿಮಾ ಮಾಡೋಕೆ ಇದಕ್ಕಿಂತ ಒಳ್ಳೆಯದು ಸಿಗಲ್ಲ. ಮೂಲಕ್ಕೆ ಹಕ್ಕಿನ ಖರ್ಚಿಲ್ಲ. ಹೊಸದಾಗಿ ಪರಿಷ್ಕರಿಸಿದ ಸ್ಕೋರಿಗೆ (ಸ್ವರಲಿಪಿಗೆ) ಇರಬಹುದು, ಹಳೇ ಮುದ್ರಣವನ್ನೇ ಹಿಡಿಯಿರಿ.

ಸೆಟ್ಟಿನಲ್ಲೇ ಹಾಡಿಸ್ತೀವಿ ಅಂದಾಗ ಸೌಂಡಿನವರೆಲ್ಲ ಬೇಡ ಅಂದರು. ಅವರ ಮಾತು ಕೇಳಿ ಮೊದಲೆರಡು ದಿನ ಪ್ಲೇಬ್ಯಾಕ್, ಅಂದರೆ ಮೊದಲೇ ಧ್ವನಿಮುದ್ರಿಸಿದ ಹಾಡು, ಹಾಕಿದೆವು. ತುಟಿ ಕೂತಿತು, ಗಂಟಲು ಕೂರಲಿಲ್ಲ. ಕತ್ತಿನ ನರ ಬಿಗಿಯದೆ ತಾರಸ್ವರ ಬಂದರೆ ಕ್ಲೋಸಪ್ಪಿನಲ್ಲಿ ಸುಳ್ಳು ಕಾಣುತ್ತೆ. ಹತ್ತಿರ ಹತ್ತಿರ ಎರಡೂವರೆ ಸಾವಿರ ಪೌಂಡ್ ಕೈಬಿಟ್ಟಿತು.

ಆಮೇಲೆ ಪಕ್ಕದ ಕೋಣೆಯಲ್ಲಿ ಡಿಜಿಟಲ್ ಪಿಯಾನೊ, ಗಾಯಕರ ಕಿವಿಗೆ ಇಯರ್‌ಪೀಸ್, ಪಿಯಾನೊದವರ ಮುಂದೆ ಗಾಯಕರನ್ನು ತೋರಿಸುವ ಮಾನಿಟರ್. ಕ್ಲಿಕ್ (ಕಿವಿಗೆ ತಾಳ ಹಿಡಿಸುವ ಟಿಕ್‌ಟಿಕ್ ಸದ್ದು) ಇಲ್ಲ, ಗಾಯಕ ಎಳೆದರೆ ಪಿಯಾನೊ ಕಾಯುತ್ತೆ. ಮಾನಿಟರಿಗೆ ಕೇಬಲ್ಲೇ ಎಳೆಯಿರಿ. ವೈರ್‌ಲೆಸ್‌ನಲ್ಲಿ ಚಿತ್ರ ಒಂದೆರಡು ಫ್ರೇಮ್ ತಡವಾದರೂ ಉಸಿರು ತಪ್ಪುತ್ತೆ. ನುಡಿಸಿದ್ದನ್ನು ಮಿಡಿಯಾಗಿ (ಯಾವ ಸ್ವರ ಯಾವಾಗ ಅನ್ನೋ ಡಿಜಿಟಲ್ ದಾಖಲೆಯಾಗಿ) ಉಳಿಸಿ, ಅದರಿಂದ ಲಯ ಎಲ್ಲೆಲ್ಲಿ ಏರಿಳಿಯುತ್ತೆ ಅಂತ ತೋರಿಸುವ ಟೆಂಪೊ ಮ್ಯಾಪ್ ತೆಗೆದು, 18 ಜನರ ವಾದ್ಯವೃಂದವನ್ನು ಅದರ ಮೇಲೆ ಕೂರಿಸಿದೆವು. ಒಂದೇ ಹಾಡಿಗೆ ಅಲ್ಲಿದ್ದ ಹಳೇ ಪಿಯಾನೊ ಬಳಸಿ ಕೆಟ್ಟೆವು: ಅದರ ಶ್ರುತಿ 438 ಹರ್ಟ್ಸ್‌ಗೆ ಇಳಿದಿತ್ತು, ವಾದ್ಯವೃಂದದ್ದು 440. ದನಿಯನ್ನೆಲ್ಲ 8 ಸೆಂಟ್ (ಸೆಂಟ್ ಅಂದರೆ ಅರ್ಧಸ್ವರದ ನೂರನೇ ಒಂದು ಪಾಲು) ಏರಿಸಬೇಕಾಯಿತು.

ಕ್ಲಿಕ್ ಇಲ್ಲದ್ದರಿಂದ ಒಂದು ಟೇಕಿನ ಚಿತ್ರ ಇನ್ನೊಂದರ ಹಾಡಿಗೆ ಹೊಂದಲ್ಲ. ಮೂರು ಕ್ಯಾಮೆರಾ ಒಟ್ಟಿಗೆ ಓಡಬೇಕು. ಬಾಡಿಗೆ ಏರಿದ್ದು ಇಲ್ಲೇ. ಜ್ಯೂರಿಯ ಮೇಳಕ್ಕೆ ಮಾತ್ರ ಪ್ಲೇಬ್ಯಾಕ್ ಉಳಿಸಿಕೊಂಡೆವು. ದೂರದ ಶಾಟಿನಲ್ಲಿ ಗೊತ್ತಾಗಲ್ಲ, ಹನ್ನೆರಡು ಇಯರ್‌ಪೀಸಿನ ದುಡ್ಡೂ ಉಳಿಯಿತು.

ನ್ಯಾಯಾಧೀಶರ ಗೌನು ಸರಸರ ಅನ್ನುತ್ತೆ, ಎದೆಗೆ ಸಿಕ್ಕಿಸಿದ ಮೈಕಿನಲ್ಲಿ ಬಟ್ಟೆಯದ್ದೇ ಸದ್ದು. ಅದನ್ನು ತೆಗೆದು ಕುದುರೆಕೂದಲಿನ ವಿಗ್ಗಿನ ಅಂಚಿನಲ್ಲಿ, ಹಣೆಗೆ ತಾಗುವಂತೆ ಇಟ್ಟೆವು. ಅಂಥ ಸ್ವಚ್ಛ ದನಿ ಸ್ಟುಡಿಯೋದಲ್ಲೂ ಸಿಕ್ಕಿಲ್ಲ. ಬೆವರು ಒಳಗಿಳಿಯದಂತೆ ಏನು ಹಚ್ಚಿದೆವು ಅನ್ನೋದು ನಮ್ಮಲ್ಲೇ ಇರಲಿ.

ಜೊತೆಗೆ ಕನ್ನಡ ಸಬ್‌ಟೈಟಲ್ಲೂ ಮಾಡಿ ನೋಡಿದೆವು. ವಕೀಲನ ವಯಸ್ಸಾದ ಮಗಳನ್ನು ನಲವತ್ತಮೂರರವಳು ಅನ್ನಬಹುದು, ಅದೂ ಮುಸ್ಸಂಜೆಯಲ್ಲಿ, ಬೆಳಕು ಬೆನ್ನ ಹಿಂದಿದ್ದರೆ ಅಂತ ನ್ಯಾಯಾಧೀಶ ಹಾಡುತ್ತಾನೆ. ಕನ್ನಡದ ಸಹಜ ಕ್ರಮದಲ್ಲಿ ಮುಸ್ಸಂಜೆ ಮೊದಲು ಬಂದು ನಗೆ ಸೋರಿಹೋಗುತ್ತೆ. ಸಬ್‌ಟೈಟಲ್ಲನ್ನು ಎರಡು ಕಾರ್ಡು ಮಾಡಿ, ಮೊದಲನೆಯದನ್ನು ‘ನಲವತ್ತಮೂರು ಅನ್ನಬಹುದು’ ಅಂತ ನಿಲ್ಲಿಸಿ, ಎರಡನೆಯದನ್ನು ಹಾಡಿನ ಪದ ಬಂದ ಮೇಲೆ, ಸುಮಾರು ಆರು ಫ್ರೇಮ್ ಬಿಟ್ಟು ಹಾಕಿದೆವು.