ಕಡಿಮೆ ದುಡ್ಡಲ್ಲಿ ಹಳ್ಳಿ ದಾರಿಗೆ ಆಗೋ ಆಫ್ ರೋಡ್ ಗಾಡಿ ಆರಿಸ್ಕೊಳ್ಳೋದು ಹೇಗೆ

ಆಫ್ ರೋಡ್ ಗಾಡಿ ಅಂದ ತಕ್ಷಣ ಎಲ್ರ ತಲೇಲೂ ಬಂಡೆ ಹತ್ತೋ ಜಾಹೀರಾತೇ ಓಡತ್ತೆ. ಹಳ್ಳಿ ಕಡೆ ಬಳಕೆಗೆ ಬೇಕಾಗಿರೋದು ಅದಲ್ಲ ಕಣ್ರೀ. ಮಳೆಗಾಲದಲ್ಲಿ ಟ್ರ್ಯಾಕ್ಟರ್ ಓಡಾಡಿ ಓಡಾಡಿ ಜಾಡು ಬಿದ್ದಿರೋ ಮಣ್ಣು ದಾರಿ, ಒದ್ದೆ ಹುಲ್ಲಿನ ಇಳಿಜಾರು, ಪಾದ ಮುಳುಗೋಷ್ಟು ನೀರಿರೋ ಹಳ್ಳ, ಹಿಂದೆ ನಾಲ್ಕು ಮೂಟೆ ಇಲ್ಲಾ ಒಂದು ಸಣ್ಣ ಟ್ರೇಲರ್ರು, ಹೆಚ್ಚಿನವರ ಕಥೆ ಇಷ್ಟೇ. ಇದಕ್ಕೆ ದೊಡ್ಡ ಎಂಜಿನ್ನೂ ಬೇಡ ದೊಡ್ಡ ಹೆಸರೂ ಬೇಡ, ಹಗುರ ಗಾಡಿ, ಒಳ್ಳೆ ಟೈರು, ಗಟ್ಟಿ ಚಾಸಿ (ಗಾಡಿ ಕೆಳಗಿನ ಕಬ್ಬಿಣದ ಚೌಕಟ್ಟು) ಇದ್ರೆ ಅರ್ಧ ಬಜೆಟ್ಟಲ್ಲೇ ಕೆಲಸ ಆಗತ್ತೆ.

ಗಾಡಿ ನೋಡೋಕೆ ಹೋಗೋ ಮುಂಚೆ ನಿಮ್ಮ ದಾರೀಲಿ ಅತಿ ಕೆಟ್ಟ ಜಾಗ ಯಾವ್ದು ಅಂತ ನೋಡ್ಕೊಂಡು ಬನ್ನಿ, ಅದೂ ಮಳೆ ಬಿದ್ದ ಮಾರನೇ ದಿನ. ಒಂದು ಕೋಲನ್ನ ಚಕ್ರದ ಜಾಡಿನ ತಳದಲ್ಲಿ ನಿಲ್ಲಿಸಿ, ಇನ್ನೊಂದು ಕೋಲನ್ನ ನಡುವಿನ ದಿಬ್ಬದ ಮೇಲೆ ಅಡ್ಡ ಇಟ್ಟು ಎಷ್ಟು ಎತ್ತರ ಬರತ್ತೆ ಅಂತ ಅಳೀರಿ. ದಿಬ್ಬ 15 ಸೆಂಟಿಮೀಟರ್ ಇದ್ರೆ ಸ್ವಲ್ಪ ಎತ್ತರದ ಯಾವ ಮಾಮೂಲಿ ಕಾರಾದ್ರೂ ದಾಟತ್ತೆ. 25 ಬಂದ್ರೆ 210 ಮಿಲಿಮೀಟರ್ ಗ್ರೌಂಡ್ ಕ್ಲಿಯರೆನ್ಸ್ (ನೆಲಕ್ಕೂ ಗಾಡಿ ಹೊಟ್ಟೆಗೂ ನಡುವಿನ ಜಾಗ) ಇರೋ ಸುಜುಕಿ ಜಿಮ್ನಿನೂ ಹೊಟ್ಟೆ ಉಜ್ಜತ್ತೆ, ಆಗ ಗಾಡಿ ಬದಲಾಯಿಸೋ ಬದ್ಲು ದಾರಿಗೆ ನಾಲ್ಕು ಲೋಡ್ ಜಲ್ಲಿ ಹೊಡಿಸೋದು ಅಗ್ಗ ಆಗಬಹುದು, ಇದನ್ನ ಗಾಡಿ ಮಾರೋರು ಯಾರೂ ಹೇಳಲ್ಲ. ಹಾಗೇ ಎರಡು ಜಾಡಿನ ನಡುವಿನ ಅಂತರನೂ ಅಳೆದು ಬಿಡಿ. ಟ್ರ್ಯಾಕ್ಟರ್ ಜಾಡು ಅಗಲ ಇರತ್ತೆ, ಸಣ್ಣ ಗಾಡೀದು ಒಂದು ಕಡೆ ಚಕ್ರ ಜಾಡಲ್ಲಿ ಇನ್ನೊಂದು ಕಡೆ ದಿಬ್ಬದ ಮೇಲೆ ಹೋಗಿ ವಾಲ್ಕೊಂಡೇ ಓಡಿಸ್ಬೇಕಾಗತ್ತೆ.

ಮತ್ತೆ ವರ್ಷದಲ್ಲಿ ಎಷ್ಟು ದಿನ ದಾರಿ ಆ ಥರ ಇರತ್ತೆ ಅನ್ನೋದು. ಎರಡು ಮೂರು ವಾರ ಮಾತ್ರ ಅಂದ್ರೆ ಫೋರ್ ಬೈ ಫೋರ್ (ನಾಲ್ಕೂ ಚಕ್ರಕ್ಕೆ ಎಂಜಿನ್ ಬಲ ಹೋಗೋದು) ಬೇಕೇ ಬೇಕು ಅಂತೇನಿಲ್ಲ, ಒಳ್ಳೆ ಟೈರ್ ಹಾಕಿರೋ ಫ್ರಂಟ್ ವೀಲ್ ಡ್ರೈವ್ ಗಾಡಿ ಸಾಕು, ಯಾಕಂದ್ರೆ ಎಂಜಿನ್ ಭಾರ ಎಳಿಯೋ ಚಕ್ರದ ಮೇಲೇ ಕೂತಿರತ್ತೆ. ಖಾಲಿ ಪಿಕಪ್ಪು ಟೂ ವೀಲ್ ಡ್ರೈವಲ್ಲಿ ಇದಕ್ಕೆ ಉಲ್ಟಾ, ತಳ್ಳೋದು ಹಿಂದಿನ ಚಕ್ರ, ಅಲ್ಲಿ ಭಾರಾನೇ ಇಲ್ಲ, ಒದ್ದೆ ಹುಲ್ಲಲ್ಲೇ ನಿಂತಲ್ಲಿ ಸುತ್ತತ್ತೆ. ನೋಡೋಕೆ ಗಟ್ಟಿಮುಟ್ಟು ಅಂತ ಟೂ ವೀಲ್ ಡ್ರೈವ್ ಪಿಕಪ್ ತಗೊಳ್ಳೋರು ಇದನ್ನ ಯೋಚ್ನೆ ಮಾಡಲ್ಲ.

ಗ್ರೌಂಡ್ ಕ್ಲಿಯರೆನ್ಸ್ ನಂಬರ್ ನೋಡೋವಾಗ ಒಂದು ವಿಷಯ. ಕಂಪನಿ ಕೊಡೋ ಲೆಕ್ಕ ಹೆಚ್ಚಾಗಿ ಖಾಲಿ ಗಾಡೀದು. ಇಂಡಿಪೆಂಡೆಂಟ್ ಸಸ್ಪೆನ್ಷನ್ (ಒಂದೊಂದು ಚಕ್ರನೂ ಬೇರೆ ಬೇರೆಯಾಗಿ ಏರಿಳಿಯೋದು) ಇರೋ ಗಾಡೀಲಿ ಐದು ಜನ ಕೂತು ಮೂಟೆ ಹಾಕಿದ್ರೆ ಹೊಟ್ಟೆ ಕೆಳಗೆ ಇಳಿಯತ್ತೆ, ಎಡ ಬಲ ಚಕ್ರಕ್ಕೆ ಬಲ ಹಂಚೋ ಡಿಫರೆನ್ಷಿಯಲ್ಲೂ ಬಾಡಿ ಜೊತೆಗೇ ಇಳಿಯತ್ತೆ. ಸಾಲಿಡ್ ಆಕ್ಸಲ್ (ಎರಡು ಚಕ್ರನ ಜೋಡಿಸೋ ಒಂದೇ ಗಟ್ಟಿ ಅಚ್ಚು) ಇರೋ ಗಾಡೀಲಿ ಡಿಫರೆನ್ಷಿಯಲ್ ಗುಂಡು ಚಕ್ರದ ಜೊತೆ ಇರತ್ತೆ, ಎಷ್ಟೇ ಲೋಡ್ ಹಾಕಿ ಅದರ ಕೆಳಗಿನ ಜಾಗ ಅಷ್ಟೇ, ಅದು ಜಾಸ್ತಿ ಆಗೋಕೆ ದೊಡ್ಡ ಟೈರೇ ಹಾಕ್ಬೇಕು. ಆದ್ರೆ ಟಾರ್ ರೋಡಲ್ಲಿ ಸಾಲಿಡ್ ಆಕ್ಸಲ್ ಕುಲುಕಾಟ ಜಾಸ್ತಿ, ದಿನಾ 40 ಕಿಲೋಮೀಟರ್ ಟಾರಲ್ಲಿ ಓಡಾಡಿ ಕೊನೇ ಒಂದು ಕಿಲೋಮೀಟರ್ ಮಣ್ಣು ಅನ್ನೋರು ಇದನ್ನ ಯೋಚ್ನೆ ಮಾಡಿ. ಮುಂದಿನ ಬಂಪರ್ ಎಷ್ಟು ಕೆಳಗೆ ಇದೆ ಅಂತನೂ ನೋಡಿ, ಕ್ಲಿಯರೆನ್ಸ್ ಚೆನ್ನಾಗಿದ್ದು ಮೂತಿ ಉದ್ದ ಇದ್ರೆ ಹಳ್ಳದ ಆ ಕಡೆ ದಡಕ್ಕೆ ಬಂಪರ್ರೇ ಹೋಗಿ ಕಚ್ಕೊಳ್ಳತ್ತೆ.

ಈಗ ಫೋರ್ ಬೈ ಫೋರ್ ವಿಷಯ, ಇಲ್ಲೇ ಜನ ತುಂಬಾ ಗೊಂದಲ ಮಾಡ್ಕೊಳ್ಳೋದು. ಪಾರ್ಟ್ ಟೈಮ್ ಅಂದ್ರೆ ಮಾಮೂಲಿಯಾಗಿ ಹಿಂದಿನ ಚಕ್ರ ಮಾತ್ರ ತಳ್ಳತ್ತೆ, ಲಿವರ್ ಎಳೆದ್ರೆ ಮುಂದಿನ ಆಕ್ಸಲ್ಲೂ ಹಿಂದಿನ ಆಕ್ಸಲ್ಲೂ ಗಟ್ಟಿಯಾಗಿ ಕೂಡ್ಕೊಳ್ತವೆ. ತಿರುವಲ್ಲಿ ಮುಂದಿನ ಚಕ್ರ ಹಿಂದಿನದಕ್ಕಿಂತ ಜಾಸ್ತಿ ದೂರ ಓಡ್ಬೇಕು, ಆದ್ರೆ ಎರಡನ್ನೂ ಕಟ್ಟಿ ಹಾಕಿರೋದ್ರಿಂದ ಮಣ್ಣಲ್ಲಾದ್ರೆ ಚಕ್ರ ಸ್ವಲ್ಪ ಜಾರಿ ಸರಿ ಮಾಡ್ಕೊಳ್ಳತ್ತೆ, ಒಣ ಟಾರಲ್ಲಿ ಜಾರಕ್ಕಾಗದೆ ಆ ಒತ್ತಡ ಎಲ್ಲಾ, ಬಲನ ಮುಂದಕ್ಕೂ ಹಿಂದಕ್ಕೂ ಹಂಚೋ ಟ್ರಾನ್ಸ್‌ಫರ್ ಕೇಸ್ ಮೇಲೆ ಬೀಳತ್ತೆ. ಆದ್ದರಿಂದ ಇಂಥ ಗಾಡಿನ ಒಣ ಟಾರ್ ರೋಡಲ್ಲಿ ಫೋರ್ ಎಚ್ (ಮಾಮೂಲಿ ಗೇರಲ್ಲೇ ಫೋರ್ ಬೈ ಫೋರ್) ಹಾಕಿ ಓಡಿಸ್ಬಾರ್ದು. ಫುಲ್ ಟೈಮ್ ಗಾಡೀಲಿ ಮುಂದಿನ ಹಿಂದಿನ ಆಕ್ಸಲ್ ಬೇರೆ ಬೇರೆ ವೇಗದಲ್ಲಿ ಸುತ್ತೋಕೆ ಬಿಡೋ ಒಂದು ಸೆಂಟರ್ ಡಿಫರೆನ್ಷಿಯಲ್ ನಡುವೆ ಇರತ್ತೆ, ಎಲ್ಲಿ ಬೇಕಾದ್ರೂ ಓಡಿಸ್ಬಹುದು, ಕೆಸರಲ್ಲಿ ಅದನ್ನ ಲಾಕ್ ಮಾಡೋಕೆ ಬರತ್ತಾ ಅಂತ ಕೇಳಿ. ಮೂರನೇದು ಆಟೋಮ್ಯಾಟಿಕ್ ಆಲ್ ವೀಲ್ ಡ್ರೈವ್, ಈಗಿನ ಎಸ್‌ಯುವಿಗಳಲ್ಲಿ ಬರೋದು. ಮುಂದಿನ ಚಕ್ರ ಜಾರಿದಾಗ ಒಂದು ಕ್ಲಚ್ಚು ಹಿಂದಕ್ಕೂ ಬಲ ಕಳಿಸತ್ತೆ. ಒದ್ದೆ ಹುಲ್ಲಿಗೆ, ಜಾರೋ ಮಣ್ಣಿಗೆ ಆರಾಮ್ ಸಾಕು. ಆದ್ರೆ ಆಳವಾದ ಕೆಸರಲ್ಲಿ ತುಂಬಾ ಹೊತ್ತು ಗುದ್ದಾಡಿದ್ರೆ ಕ್ಲಚ್ ಬಿಸಿಯಾಗಿ ಮೀಟರಲ್ಲಿ ವಾರ್ನಿಂಗ್ ಬಂದು ಹಿಂದಿನ ಚಕ್ರ ಕೈ ಬಿಡತ್ತೆ. ಇನ್ನೊಂದು ಖರ್ಚು ಇದರಲ್ಲಿ ಅಡಗಿದೆ, ನಾಲ್ಕೂ ಟೈರ್ ಹೆಚ್ಚುಕಮ್ಮಿ ಒಂದೇ ಸಮ ಸವೆದಿರ್ಬೇಕು, ಒಂದು ಹೋದ್ರೆ ಒಂದೇ ಬದಲಾಯಿಸ್ತೀನಿ ಅಂದ್ರೆ ಆ ಕ್ಲಚ್ಚಿಗೆ ಒಳ್ಳೇದಲ್ಲ.

ನನ್ನ ಕೇಳಿದ್ರೆ ಹಾರ್ಸ್ ಪವರ್‌ಗಿಂತ ಲೋ ರೇಂಜ್ ದೊಡ್ಡದು. ಲೋ ರೇಂಜ್, ಅಂದ್ರೆ ಲಿವರಲ್ಲಿರೋ ಫೋರ್ ಎಲ್ ಹಾಕಿದ್ರೆ ಗೇರ್ ಸಾಮಾನ್ಯವಾಗಿ 2 ರಿಂದ 3 ಪಟ್ಟು ಇಳಿಯತ್ತೆ, ಅಂದ್ರೆ ಸಣ್ಣ ಎಂಜಿನ್ನೂ ಕ್ಲಚ್ ಸುಡದೆ ಟ್ರೇಲರ್ ಎಳ್ಕೊಂಡು ಏರು ಹತ್ತತ್ತೆ. ಹತ್ತೋದಕ್ಕಿಂತ ಇಳಿಯೋವಾಗ ಅದರ ಬೆಲೆ ಗೊತ್ತಾಗೋದು, ಒದ್ದೆ ಇಳಿಜಾರಲ್ಲಿ ಬ್ರೇಕ್ ಒತ್ತಿದ್ರೆ ಚಕ್ರ ಲಾಕ್ ಆಗಿ ಜಾರತ್ತೆ, ಲೋ ರೇಂಜ್ ಫಸ್ಟ್ ಗೇರಲ್ಲಿ ಬ್ರೇಕ್ ಮುಟ್ಟದೆ ಎಂಜಿನ್ ಹಿಡಿತದಲ್ಲೇ ನಡೆಯೋ ಸ್ಪೀಡಲ್ಲಿ ಇಳಿಬಹುದು. ಮತ್ತೆ ಫೋರ್ ಬೈ ಫೋರ್ ಇದ್ದ ಮಾತ್ರಕ್ಕೆ ನಾಲ್ಕೂ ಚಕ್ರ ಎಳೀತವೆ ಅಂತಲ್ಲ, ಮಾಮೂಲಿ ಡಿಫರೆನ್ಷಿಯಲ್ಲು ಬಲನ ಸುಲಭವಾಗಿ ಸುತ್ತೋ ಚಕ್ರದ ಕಡೆಗೇ ಬಿಟ್ಟುಬಿಡತ್ತೆ. ಒಂದು ಮುಂದಿನ ಚಕ್ರ, ಒಂದು ಹಿಂದಿನ ಚಕ್ರ ಗಾಳೀಲಿ ಎದ್ರೆ ಅವೆರಡೇ ಗಿರಗಿರ ಸುತ್ತತಾವೆ, ಗಾಡಿ ಅಲ್ಲೇ. ಸುಮ್ನೆ ಸುತ್ತೋ ಚಕ್ರಕ್ಕೆ ತಾನೇ ಬ್ರೇಕ್ ಹಿಡಿಯೋ ಟ್ರ್ಯಾಕ್ಷನ್ ಕಂಟ್ರೋಲ್ಲೋ, ಒಂದೇ ಚಕ್ರ ಸುತ್ತೋದನ್ನ ಸ್ವಲ್ಪ ತಡೆಯೋ ಲಿಮಿಟೆಡ್ ಸ್ಲಿಪ್ಪು ಹಿಂದೆಯೋ, ಎರಡೂ ಚಕ್ರನ ಕಟ್ಟಿ ಹಾಕೋ ಡಿಫ್ ಲಾಕೋ, ಮೂರರಲ್ಲಿ ಒಂದಿದ್ರೆ ಒಳ್ಳೇದು.

ಯಾವ ಗಾಡಿ ಅಂತ ಕೇಳೋರಿಗೆ. ಜಿಮ್ನಿ 1970ರಿಂದ ಬರ್ತಾ ಇದೆ, ಏಣಿ ಥರದ ಲ್ಯಾಡರ್ ಚಾಸಿ, ಎರಡೂ ಕಡೆ ಸಾಲಿಡ್ ಆಕ್ಸಲ್, ಲೋ ರೇಂಜ್, ತೂಕ ಒಂದು ಟನ್ ಚಿಲ್ಲರೆ ಅಷ್ಟೇ, ಭಾರದ ಗಾಡಿ ಹೂತ್ಕೊಳ್ಳೋ ಕಡೆ ಇದು ತೇಲ್ಕೊಂಡು ಹೋಗತ್ತೆ. ಆದ್ರೆ ಸಾಮಾನು ಜಾಗ ಕಮ್ಮಿ, ಜಾಸ್ತಿ ಭಾರ ಎಳಿಯೋಕೆ ಆಗಲ್ಲ. 1977ರಲ್ಲಿ ಬಂದ ಲಾಡಾ ನಿವಾ ಫುಲ್ ಟೈಮ್ ಫೋರ್ ಬೈ ಫೋರ್, ಸೆಂಟರ್ ಲಾಕು, ಲೋ ರೇಂಜು ಎಲ್ಲಾ ಇಟ್ಕೊಂಡು ಬೇರೆ ಚಾಸಿ ಇಲ್ಲದ ಮೋನೋಕಾಕ್ ಬಾಡೀಲಿ ಬಂತು, ಸ್ಪ್ಯಾನರ್ ಸೆಟ್ ಇದ್ರೆ ಮನೇಲೇ ಬಿಚ್ಚಬಹುದು, ತುಕ್ಕೇ ಅದರ ಶತ್ರು. 1983ರ ಫಿಯಟ್ ಪಾಂಡಾ ಫೋರ್ ಬೈ ಫೋರ್‌ನಲ್ಲಿ ಲೋ ರೇಂಜ್ ಇರಲಿಲ್ಲ, ಆದ್ರೂ ಬರೀ ಹಗುರ ಇದ್ದಿದ್ದಕ್ಕೇ ಬೆಟ್ಟದ ಊರುಗಳಲ್ಲಿ ಹೆಸರು ಮಾಡ್ತು. ರೆನಾಲ್ಟ್ ಡಸ್ಟರ್ ಫೋರ್ ಬೈ ಫೋರ್ ಮ್ಯಾನುವಲ್‌ನಲ್ಲಿ ಲೋ ರೇಂಜ್ ಬದಲು ಫಸ್ಟ್ ಗೇರನ್ನೇ ತುಂಬಾ ಚಿಕ್ಕದು ಮಾಡಿದ್ರು, ಟಾರ್ ಜಾಸ್ತಿ ಮಣ್ಣು ಕಮ್ಮಿ ಅನ್ನೋರಿಗೆ ಅದು ಸರಿ. ಟೊಯೋಟಾ ಹೈಲಕ್ಸ್ ಥರದ ಪಿಕಪ್ಪು ಲೋಡಿಗೆ ಟ್ರೇಲರ್‌ಗೆ ಚೆನ್ನಾಗಿದೆ, ಆದ್ರೆ ಉದ್ದ, ಭಾರ, ಸೆಕೆಂಡ್ ಹ್ಯಾಂಡಲ್ಲೂ ರೇಟ್ ಬೀಳಲ್ಲ. ಹೆಸರಿಗೆ ದುಡ್ಡು ಕೊಡೋಕಿಂತ ಯಾವುದರ ಪಾರ್ಟ್ಸ್ ನಿಮಗೆ ಹತ್ತಿರದಲ್ಲಿ ಸಿಗತ್ತೋ, ಯಾವ ಮೆಕ್ಯಾನಿಕ್ ಯಾವ ಗಾಡೀಲಿ ಪಳಗಿದ್ದಾನೋ ಅದನ್ನ ನೋಡಿ.

ನೀರಿನ ವಿಷಯದಲ್ಲಿ ಕಂಪನಿ ಕೊಟ್ಟ ವೇಡಿಂಗ್ ಡೆಪ್ತ್, ಅಂದ್ರೆ ಎಷ್ಟು ಆಳದ ನೀರು ದಾಟಬಹುದು ಅನ್ನೋ ಲೆಕ್ಕ ನೋಡಿ, ಗಾಡಿ ಎತ್ತರ ನೋಡಿ ಅಂದಾಜು ಮಾಡ್ಬೇಡಿ. 2020ರ ಮಹೀಂದ್ರಾ ಥಾರ್‌ಗೆ 650 ಮಿಲಿಮೀಟರ್ ಅಂತ ಕೊಟ್ಟಿದ್ದಾರೆ, ಜಿಮ್ನಿಗೆ ಅದರ ಅರ್ಧದಷ್ಟೇ. ಎಂಜಿನ್ ಗಾಳಿ ಎಳ್ಕೊಳ್ಳೋ ಬಾಯಿ ಎಲ್ಲಿದೆ ಅಂತ ಬಾನೆಟ್ ಎತ್ತಿ ಹುಡುಕಿ, ಅಲ್ಲಿಗೆ ನೀರು ಹೋದ್ರೆ ಎಂಜಿನ್ ಕಥೆ ಮುಗೀತು.

ಸೆಕೆಂಡ್ ಹ್ಯಾಂಡ್ ಅಂದ್ರೆ ಪೇಂಟ್ ನೋಡೋದು ಬಿಟ್ಟು ಗೋಣಿಚೀಲ ಹಾಸ್ಕೊಂಡು ಕೆಳಗೆ ಮಲಗಿ, ಟಾರ್ಚ್ ಇರ್ಲಿ, ಹಳೇ ಬಟ್ಟೆ ಇರ್ಲಿ. ಚಾಸಿ ಉದ್ದಕ್ಕೂ ಸ್ಕ್ರೂಡ್ರೈವರ್ ಹಿಡಿಯಿಂದ ತಟ್ಟುತ್ತಾ ಹೋಗಿ, ಗಟ್ಟಿ ಕಬ್ಬಿಣ ಟಣ್ ಅನ್ನತ್ತೆ, ಒಳಗಿಂದ ತುಕ್ಕು ತಿಂದಿದ್ರೆ ಬೊದ್ದು ಸದ್ದು. ಹಿಂದಿನ ಸ್ಪ್ರಿಂಗ್ ಕೂರೋ ಜಾಗ, ಚಾಸಿ ಬಗ್ಗಿರೋ ಮೂಲೆ, ಕೆಸರು ನಿಲ್ಲೋ ಸಂದಿ, ಇಲ್ಲಿ ಜಾಸ್ತಿ ಹೊತ್ತು ನೋಡಿ. ಹಳೇ ಗಾಡಿಗೆ ನಿನ್ನೆ ಮೊನ್ನೆ ಹೊಡೆದ ಫ್ರೆಶ್ ಕಪ್ಪು ಅಂಡರ್ ಕೋಟ್ ಇದ್ರೆ ನನಗಂತೂ ಅನುಮಾನ ಬರತ್ತೆ. ಮುಂದಿನ ಚಕ್ರದ ಹಿಂದೆ ರಬ್ಬರ್ ಬೂಟ್ ಹರಿದಿದ್ಯಾ, ರಿಮ್ ಒಳಗಡೆ ಗ್ರೀಸ್ ಎರಚಿದ್ಯಾ ನೋಡಿ. ಗಾಡಿ ಉರುಳದ ಹಾಗೆ ಚಕ್ರಕ್ಕೆ ಕಲ್ಲು ಕೊಟ್ಟು ಪ್ರೊಪೆಲ್ಲರ್ ಶಾಫ್ಟ್ (ಆಕ್ಸಲ್ಲಿಗೆ ಬಲ ಒಯ್ಯೋ ಉದ್ದ ಕಬ್ಬಿಣದ ಕೊಳವೆ) ಹಿಡಿದು ಮೇಲೆ ಕೆಳಗೆ ಅಲ್ಲಾಡಿಸಿ, ಜಾಯಿಂಟಲ್ಲಿ ಕಟ್ ಕಟ್ ಅಂದ್ರೆ ಸವೆದಿದೆ. ಒಪ್ಪಿದ್ರೆ ಡಿಫರೆನ್ಷಿಯಲ್ ಫಿಲ್ಲರ್ ಬೋಲ್ಟ್ ಬಿಚ್ಚಿಸಿ ಬೆರಳು ಅದ್ದಿ ನೋಡಿ. ಆಯಿಲ್ ಕಪ್ಪಗಿದ್ರೆ ಹಳೇದು ಅಷ್ಟೇ, ಹಾಲು ಬೆರೆಸಿದ ಬಣ್ಣ ಇದ್ರೆ ನೀರು ಒಳಗೆ ಹೋಗಿದೆ, ಬೆರಳ ತುದೀಲಿ ಲೋಹದ ಚೂರು ಚುಚ್ಚಿದ್ರೆ ಆ ಗಾಡಿ ಬಿಟ್ಟು ಮನೆಗೆ ಬನ್ನಿ.

ಮೇಲೆದ್ದ ಮೇಲೆ ಕಾರ್ಪೆಟ್ ಎತ್ತಿ ಸೀಟಿನ ಕೆಳಗಿನ ಬೋಲ್ಟ್, ರೈಲು ನೋಡಿ, ಅಲ್ಲಿ ತುಕ್ಕಿದ್ರೆ ಒಳಗೆ ನೀರು ನಿಂತಿತ್ತು ಅಂತ. ಏರ್ ಫಿಲ್ಟರ್ ಡಬ್ಬಿ ತೆಗೀರಿ, ಫಿಲ್ಟರ್ ಆದ್ಮೇಲಿನ ಪೈಪಲ್ಲಿ ಮಣ್ಣು ಇದ್ರೆ ಎಂಜಿನ್ ಧೂಳು ತಿಂದಿದೆ.

ಫೋರ್ ಬೈ ಫೋರ್ ಕೆಲಸ ಮಾಡತ್ತಾ ಅನ್ನೋದನ್ನ ಮೀಟರಲ್ಲಿ ಲೈಟ್ ಬಂತು ಅಂತ ನಂಬಬೇಡಿ, ಲೈಟ್ ಬಂದೂ ಮುಂದಿನ ಹಬ್ (ಚಕ್ರನ ಆಕ್ಸಲ್ಲಿಗೆ ಸೇರಿಸೋ ಭಾಗ) ಕೂಡ್ಕೊಳ್ದೇ ಇರಬಹುದು. ಪಾರ್ಟ್ ಟೈಮ್ ಗಾಡಿ ಆದ್ರೆ ಸಡಿಲ ಮಣ್ಣಿರೋ ಜಾಗಕ್ಕೆ ತಗೊಂಡು ಹೋಗಿ ಫೋರ್ ಎಚ್ ಹಾಕಿ ಸ್ಟೀರಿಂಗ್ ಪೂರ್ತಿ ತಿರುಗಿಸಿ ನಿಧಾನ ಓಡಿಸಿ, ನಿಜವಾಗ್ಲೂ ಕೂಡ್ಕೊಂಡಿದ್ರೆ ಗಾಡಿ ಬಿಗಿಯಾಗಿ ತಡೆಯೋ ಥರ ಅನ್ಸತ್ತೆ, ಟೂ ವೀಲ್‌ಗೆ ಹಾಕಿದ ತಕ್ಷಣ ಹಗುರ ಆಗತ್ತೆ. ಆಮೇಲೆ ಗಾಡಿ ನಿಲ್ಲಿಸಿ ಫೋರ್ ಎಲ್ ಹಾಕಿ ಮುಂದೆ ಸ್ವಲ್ಪ ಹಿಂದೆ ಸ್ವಲ್ಪ. ವರ್ಷಗಟ್ಲೆ ಮುಟ್ಟದ ಲಿವರ್ ಜಾಮ್ ಆಗಿರತ್ತೆ, ಮಾರೋನು "ಅದೇನಿಲ್ಲ ಸಾರ್ ಸ್ವಲ್ಪ ಓಡಿದ್ರೆ ಸರಿ ಹೋಗತ್ತೆ" ಅಂದ್ರೆ ಈಗ್ಲೇ ಓಡ್ಸಿ ತೋರ್ಸಿ ಅನ್ನಿ. ಎತ್ತರಿಸಿದ ಸಸ್ಪೆನ್ಷನ್ನು, ದೈತ್ಯ ಟೈರು, ಲೈಟ್ ಬಾರ್ ಎಲ್ಲಾ ಹಾಕಿರೋ ಗಾಡಿಗಿಂತ ಸೀಟ್ ಹರಿದಿದ್ರೂ ಕಂಪನಿಯಿಂದ ಬಂದ ಹಾಗೇ ಇರೋ ಸ್ಟಾಕ್ ಗಾಡಿನೇ ನಾನು ತಗೊಳ್ಳೋದು. ಸೀಟ್ ಹೊಲಿಸೋಕೆ ಎಷ್ಟು ದುಡ್ಡು, ಆಕ್ಸಲ್‌ಗೆ ಎಷ್ಟು ದುಡ್ಡು ನೀವೇ ಲೆಕ್ಕ ಹಾಕಿ.

ಡೀಸಲ್ಲಾ ಪೆಟ್ರೋಲಾ ಅನ್ನೋದಕ್ಕೆ ಚಿಕ್ಕ ಉತ್ತರ. ಈಗಿನ ಡೀಸಲ್ ಗಾಡೀಲಿ ಮಸಿ ಹಿಡಿಯೋ ಫಿಲ್ಟರ್ ಇರತ್ತೆ, ಅದು ತನ್ನನ್ನ ತಾನೇ ಸುಟ್ಟು ಕ್ಲೀನ್ ಮಾಡ್ಕೊಳ್ಳೋಕೆ ಆಗಾಗ ಉದ್ದದ ಓಟ ಬೇಕು, ಮನೆಯಿಂದ ತೋಟಕ್ಕೆ ತೋಟದಿಂದ ಮನೆಗೆ ಅಂತ ಒಂದೊಂದು ಕಿಲೋಮೀಟರ್ ಓಡಿಸಿದ್ರೆ ಕಟ್ಕೊಳ್ಳತ್ತೆ. ಚಿಕ್ಕ ಓಡಾಟಕ್ಕೆ ಪೆಟ್ರೋಲೇ ಸರಿ.

ಬಜೆಟ್ ಪೂರ್ತಿ ಗಾಡಿಗೇ ಸುರೀಬೇಡಿ, ಟೈರಿಗೆ ಎತ್ತಿಡಿ. ಎಟಿ (ಆಲ್ ಟೆರೇನ್) ಟೈರು ಟಾರು ಮಣ್ಣು ಎರಡಕ್ಕೂ ಆಗತ್ತೆ, ಎಂಟಿ (ಮಡ್ ಟೆರೇನ್) ಟೈರು ಬರೀ ಕೆಸರಿಗೆ, ಒದ್ದೆ ಟಾರಲ್ಲಿ ಹಿಡಿತ ಕಮ್ಮಿ, ಸದ್ದು ಬೇರೆ. ಕೆಳಗೆ ಗಟ್ಟಿ ನೆಲ ಇರೋ ಕೆಸರಿಗೆ ಸಪೂರ ಟೈರೇ ವಾಸಿ, ಕೊರ್ಕೊಂಡು ಹೋಗಿ ನೆಲ ಹಿಡಿಯತ್ತೆ, ಅಗಲ ಟೈರ್ ಮರಳಿಗೆ. ಟೈರ್ ಗಾಳಿ ಟಾರಲ್ಲಿ 30 ಪಿಎಸ್‌ಐ ಇರೋದನ್ನ ಕೆಸರಿಗೆ 20ರ ಆಸುಪಾಸಿಗೆ ಇಳಿಸಿ ನಿಧಾನ ಓಡಿಸಿ, ವ್ಯತ್ಯಾಸ ತಕ್ಷಣ ಗೊತ್ತಾಗತ್ತೆ, ಆದ್ರೆ ಟಾರ್ ಹತ್ತೋ ಮುಂಚೆ ತುಂಬಿಸಲೇಬೇಕು, ಅದಕ್ಕೆ ಒಂದು ಸಣ್ಣ ಕಂಪ್ರೆಸರ್ ಗಾಡೀಲೇ ಇರ್ಲಿ, ಜೊತೆಗೆ ಒಂದು ಸಲಿಕೆ, ಹೂತ ಗಾಡಿ ಎಳಿಯೋಕೆ ಒಂದು ಒಳ್ಳೆ ಬೆಲ್ಟು. ಬೆಲ್ಟನ್ನ ಚಾಸಿಗೆ ಬೋಲ್ಟ್ ಹಾಕಿರೋ ರಿಕವರಿ ಹುಕ್ಕಿಗೇ ಹಾಕಿ. ಟ್ರೇಲರ್ ಸಿಗಿಸೋ ಕಬ್ಬಿಣದ ಬಾಲ್‌ಗೆ ಯಾವತ್ತೂ ಬೇಡ, ಎಳೆಯೋವಾಗ ಅದು ಕಿತ್ತು ಹಾರಿದ್ರೆ ಎದುರಿಗಿದ್ದವರ ಜೀವಾನೇ ಹೋಗಬಹುದು.

ಗಾಡಿ ಮನೆಗೆ ಬಂದ ವಾರದಲ್ಲೇ ಎಂಜಿನ್ನು, ಗೇರ್ ಬಾಕ್ಸು, ಟ್ರಾನ್ಸ್‌ಫರ್ ಕೇಸು, ಎರಡೂ ಡಿಫರೆನ್ಷಿಯಲ್ ಆಯಿಲ್ ಬದಲಾಯಿಸಿ, ಹಳೇ ಓನರ್ ಬದಲಾಯಿಸಿದೀನಿ ಅಂದ್ರೂ ಸರಿ. ಬೇಸಿಗೇಲೂ ತಿಂಗಳಿಗೊಂದ್ಸಲ ಮಣ್ಣು ದಾರೀಲಿ ಫೋರ್ ಬೈ ಫೋರ್ ಹಾಕಿ ಸ್ವಲ್ಪ ದೂರ ಓಡಿಸ್ತಾ ಇರಿ, ಇಲ್ದಿದ್ರೆ ಮೊದಲ ಮಳೆ ದಿನ ಲಿವರ್ ಹಿಡ್ಕೊಂಡು ಜಗ್ಗಾಡ್ತಾ ಕೂರ್ಬೇಕಾಗತ್ತೆ.