ಅಪ್ಪ ಅಮ್ಮನ ಜೊತೆ ಶಿಕಾಗೋ: ನಾನು ಸುತ್ತಿಸಿದ ರೀತಿ

ಮೊದಲ ಸಲ ಹೋದಾಗ ನಾನು ತಪ್ಪು ಮಾಡಿದೆ, ಅದರಿಂದಲೇ ಶುರು ಮಾಡುತ್ತೇನೆ. ನಾವಿರುವುದು ಇಲಿನಾಯ್‌ನ ಬ್ಲೂಮಿಂಗ್ಟನ್‌ನಲ್ಲಿ. ಊರಿಂದ ಅಪ್ಪ ಅಮ್ಮ ಬಂದ ಎರಡನೇ ವಾರಕ್ಕೇ ಐದು ಜಾಗಗಳ ಕೂಡು ಟಿಕೆಟ್ ತಗೊಂಡು, ಕಾರಲ್ಲಿ ಹೊರಟೆವು. ಟಿಕೆಟ್ ದುಡ್ಡು ವಸೂಲಾಗಬೇಕು ಅನ್ನುವ ಹಟದಲ್ಲಿ ಒಂದೇ ದಿನ ಮೂರು ಜಾಗ ನೋಡಿಸಿದೆ. ಮಧ್ಯಾಹ್ನ ಮೂರು ಗಂಟೆಗೆ ಅಮ್ಮ ಫುಟ್‌ಪಾತ್ ಪಕ್ಕದ ಕಟ್ಟೆ ಮೇಲೆ ಕೂತವರು ಏಳಲಿಲ್ಲ. ಮಂಡಿ ಊದಿತ್ತು. "ನೀವು ಹೋಗಿ ನೋಡ್ಕೊಂಡು ಬನ್ನಿ ಕಣೇ, ನಾನಿಲ್ಲೇ ಇರ್ತೀನಿ" ಅಂದರು. ವಾಪಸ್ ಬರುವಾಗ ಅವರಿಗೆ ನೆನಪಿದ್ದದ್ದು ಬರೀ ಕ್ಯೂಗಳು.

ಒಂದು ತಿಂಗಳು ಬಿಟ್ಟು ಮತ್ತೆ ಹೋದೆವು. ಈ ಸಲ ಎರಡು ದಿನ, ನಡುವೆ ಒಂದು ರಾತ್ರಿ ಹೋಟೆಲ್. ಕಾರು ಬಿಟ್ಟು ರೈಲು ಹಿಡಿದೆವು. ನಮ್ಮೂರಿಗೆ ಅಂಟಿಕೊಂಡೇ ಇರುವ ನಾರ್ಮಲ್ ಅನ್ನುವ ಊರಿನ ಸ್ಟೇಷನ್‌ನಲ್ಲಿ ಹತ್ತಿದರೆ ಎರಡೂವರೆ ಗಂಟೆಯೊಳಗೆ ಶಿಕಾಗೋದ ಯೂನಿಯನ್ ಸ್ಟೇಷನ್. ಪಾರ್ಕಿಂಗ್ ಹುಡುಕುವ ತಲೆನೋವಿಲ್ಲ, ಮತ್ತೆ ಆ ಸ್ಟೇಷನ್ನಿನ ದೊಡ್ಡ ಹಾಲ್‌ನಲ್ಲಿ ಹಳೇ ಕಾಲದ ಉದ್ದನೆಯ ಮರದ ಬೆಂಚುಗಳಿವೆ, ಅಲ್ಲಿ ಕೂತು ಚಪಾತಿ ಚಟ್ನಿಪುಡಿ ತಿಂದೇ ಹೊರಗೆ ಕಾಲಿಟ್ಟೆವು.

ಮೊದಲು ದೋಣಿ. ವಯಸ್ಸಾದವರನ್ನು ಕರೆದುಕೊಂಡು ಹೋಗುವವರಿಗೆ ನಾನು ಹೇಳುವ ಮುಖ್ಯ ಮಾತೇ ಇದು: ಶಿಕಾಗೋ ನದಿಯ ಮೇಲೆ ದೋಣಿಯಲ್ಲಿ ಕೂತು ಕಟ್ಟಡಗಳನ್ನು ನೋಡುವ ಆರ್ಕಿಟೆಕ್ಚರ್ ಟೂರ್‌ನಿಂದ ಶುರು ಮಾಡಿ. ಸುಮಾರು ಒಂದೂವರೆ ಗಂಟೆ, ಕೂತ ಜಾಗದಲ್ಲೇ ಇಡೀ ಊರಿನ ನಡುಭಾಗ ಕಣ್ಣ ಮುಂದೆ ಹಾದುಹೋಗುತ್ತದೆ. ಆಮೇಲೆ ಎಲ್ಲಿಗೆ ಹೋದರೂ "ಓ ಇದು ಆಗ ನೋಡಿದ್ವಲ್ಲ" ಅನ್ನಿಸಿ ಊರು ಪರಿಚಯದ್ದಾಗುತ್ತದೆ. ಮೆಕ್ಕೆಜೋಳದ ತೆನೆ ನಿಲ್ಲಿಸಿದ ಹಾಗಿರುವ ಮರೀನಾ ಸಿಟಿ ಜೋಡಿ ಕಟ್ಟಡಗಳನ್ನು ಅಮ್ಮ ದೂರದಿಂದಲೇ ಗುರುತು ಹಿಡಿದು, "ತೆನೆ ಬಂತು ನೋಡೇ" ಅಂದರು. ಅದರ ಕೆಳಗಿನ 19 ಮಹಡಿಯಲ್ಲಿ ಬರೀ ಕಾರುಗಳು, ಮೇಲೆ ಮನೆಗಳು. ಟೋಪಿ ಮತ್ತೆ ಒಂದು ಶಾಲು ಎರಡೂ ಇಟ್ಟುಕೊಳ್ಳಿ. ಮೇಲಿನ ಡೆಕ್‌ನಲ್ಲಿ ಬಿಸಿಲು ಚುರುಕು, ಮಿಶಿಗನ್ ಸರೋವರದ ಕಡೆ ತಿರುಗಿದರೆ ಜೂನ್‌ನಲ್ಲೂ ಗಾಳಿ ತಣ್ಣಗೆ ಹೊಡೆಯುತ್ತದೆ.

ಅಪ್ಪನಿಗೆ ಕಟ್ಟಡಗಳಿಗಿಂತ ನೀರಿನ ಮೇಲೆ ಕಣ್ಣು. ನಮ್ಮದು ಹಿರಿಯೂರು ಕಡೆ. ತೋಟಕ್ಕೆ ಆರು ಬೋರ್ ಕೊರೆಸಿ ನಾಲ್ಕು ಫೇಲ್ ಆದವು, ಹಾಗಾಗಿ ಎಲ್ಲಿ ನೀರು ಕಂಡರೂ ಅಪ್ಪ ಅದು ಎಲ್ಲಿಂದ ಬರುತ್ತೆ, ಎಲ್ಲಿಗೆ ಹೋಗುತ್ತೆ ಅಂತ ಕೇಳುವವರೇ. ಗೈಡ್ ಹೇಳಿದ್ದನ್ನೆಲ್ಲ ನಾನು ಕನ್ನಡದಲ್ಲಿ ಹೇಳುತ್ತಾ ಹೋದೆ. ಈ ನದಿ ಮೊದಲು ಮಿಶಿಗನ್ ಸರೋವರಕ್ಕೆ ಸೇರುತ್ತಿತ್ತು. ಊರಿನ ಕೊಳಚೆಯೆಲ್ಲ ನದಿಗೆ, ನದಿಯಿಂದ ಸರೋವರಕ್ಕೆ, ಕುಡಿಯುವ ನೀರು ಅದೇ ಸರೋವರದ್ದು. ಅದಕ್ಕೆ ಸುಮಾರು 45 ಕಿಲೋಮೀಟರ್ ಉದ್ದದ ಕಾಲುವೆ ತೋಡಿ, 1900ರಲ್ಲಿ ನದಿಯನ್ನೇ ಹಿಂದಕ್ಕೆ ತಿರುಗಿಸಿದರು. ಈಗ ಅದು ಸರೋವರಕ್ಕೆ ಬೆನ್ನು ಹಾಕಿ ಮಿಸಿಸಿಪ್ಪಿ ಕಡೆಗೆ ಹರಿಯುತ್ತದೆ. "ನದಿ ತಿರುಗಿಸಿಬಿಟ್ರಾ?" ಅಂತ ಅಪ್ಪ ಎರಡು ಸಲ ಕೇಳಿದರು. ಇಳಿದ ಮೇಲೆ ದಡದ ರಿವರ್‌ವಾಕ್ ಮೆಟ್ಟಿಲ ಮೇಲೆ ಕೂತು, ಒಂದು ಎಲೆ ನೀರಿಗೆ ಬಿಟ್ಟು ಎತ್ತ ಹೋಗುತ್ತೆ ಅಂತ ನೋಡಿದರು. ಹರಿವು ತುಂಬಾ ನಿಧಾನ, ಎಲೆ ಗಾಳಿಗೆ ಅತ್ತಿತ್ತ ಆಡಿಕೊಂಡು ಅಲ್ಲೇ ನಿಂತಿತ್ತು. ಅಪ್ಪ ಹತ್ತು ನಿಮಿಷ ಏಳಲೇ ಇಲ್ಲ. ನಾನೂ ಏಳಿಸಲಿಲ್ಲ.

ಅವತ್ತು ದುಡ್ಡು ಕೊಟ್ಟು ನೋಡಿದ ಇನ್ನೊಂದು ಜಾಗ ವಿಲ್ಲಿಸ್ ಟವರ್. ಹಳಬರು ಈಗಲೂ ಸೀರ್ಸ್ ಟವರ್ ಅಂತಲೇ ಅನ್ನುತ್ತಾರೆ. 110 ಮಹಡಿ, 442 ಮೀಟರ್, 1998ರವರೆಗೂ ಜಗತ್ತಿನಲ್ಲೇ ಎತ್ತರದ ಕಟ್ಟಡ. ಹೋಗುವ ಮೊದಲು ಕೆಳಗಿಂದ ತಲೆ ಎತ್ತಿ ನೋಡಿ, ತುದಿ ಮೋಡದೊಳಗಿದ್ದರೆ ಅವತ್ತು ಬಿಟ್ಟುಬಿಡಿ, ಮೇಲೆ ಹೋದರೂ ಬರೀ ಬಿಳಿ ಕಾಣುತ್ತೆ. ನನಗೆ ಈ ಕಟ್ಟಡ ಇಷ್ಟವಾಗೋದು ಅದನ್ನು ನಿಲ್ಲಿಸಿದ ಎಂಜಿನಿಯರ್‌ನಿಂದ. ಫಜ್ಲುರ್ ರೆಹಮಾನ್ ಖಾನ್, ಢಾಕಾದಲ್ಲಿ ಹುಟ್ಟಿದವರು. ಒಂಬತ್ತು ಚೌಕ ಕೊಳವೆಗಳನ್ನು ಒಟ್ಟಿಗೆ ಕಟ್ಟಿದ ಹಾಗೆ ಇದರ ಲೆಕ್ಕ. ಒಂಟಿ ಕಬ್ಬು ಗಾಳಿಗೆ ಬಾಗುತ್ತೆ, ಹೊರೆ ಕಟ್ಟಿ ನಿಲ್ಲಿಸಿದರೆ ಅಲ್ಲಾಡಲ್ಲ, ಅಲ್ವಾ? ಅಪ್ಪನಿಗೆ ಹೀಗೆ ಹೇಳಿದ ತಕ್ಷಣ ಅರ್ಥವಾಯಿತು. ಕೊಳವೆಗಳು ಬೇರೆ ಬೇರೆ ಎತ್ತರದಲ್ಲಿ ನಿಂತುಬಿಡುತ್ತವೆ, ಅದಕ್ಕೇ ಕಟ್ಟಡ ಮೆಟ್ಟಿಲು ಮೆಟ್ಟಿಲಾಗಿ ಕಾಣುವುದು.

103ನೇ ಮಹಡಿಯಲ್ಲಿ ಗೋಡೆಯಿಂದ ಹೊರಗೆ ನಾಲ್ಕು ಅಡಿಗೂ ಸ್ವಲ್ಪ ಜಾಸ್ತಿ ಚಾಚಿಕೊಂಡ ಗಾಜಿನ ಪೆಟ್ಟಿಗೆಗಳಿವೆ. ನೆಲವೂ ಗಾಜು. ಅಮ್ಮ ಮೊದಲು ಒಂದು ಹೆಬ್ಬೆರಳಿಟ್ಟರು, ಹಿಂದಕ್ಕೆ ತೆಗೆದರು. ಆಮೇಲೆ ನನ್ನ ಕೈ ಗಟ್ಟಿಯಾಗಿ ಹಿಡಿದು, ಕಣ್ಣು ಮುಚ್ಚಿ ಎರಡು ಹೆಜ್ಜೆ ಹಾಕಿ, ಒಂದೇ ಕಣ್ಣು ತೆರೆದು ಕೆಳಗೆ ನೋಡಿದರು. ಅವರ ಬಳೆಗಳು ನಡುಗುವ ಸದ್ದು ನನಗೆ ಕೇಳಿಸುತ್ತಿತ್ತು. ಅಪ್ಪ ಪಕ್ಕದ ಕಿಟಕಿಯಿಂದ ಬೆಳಿಗ್ಗೆ ಹೋದ ನದಿ ಎಲ್ಲಿ ಕವಲೊಡೆಯುತ್ತೆ ಅಂತ ಬೆರಳಿಟ್ಟು ತೋರಿಸುತ್ತಿದ್ದರು. ದೋಣಿಯ ನಂತರ ಟವರ್ ಹತ್ತಿದ್ದು ಒಳ್ಳೆಯದಾಯಿತು.

ಎರಡನೇ ದಿನ ಬೆಳಿಗ್ಗೆ ಆರ್ಟ್ ಇನ್‌ಸ್ಟಿಟ್ಯೂಟ್ ಅನ್ನುವ ಕಲಾ ಮ್ಯೂಸಿಯಂ. ಅಪ್ಪ ಊರಿಂದ ಹೊರಡುವಾಗಲೇ ಕೇಳಿದ್ದು ಇದೊಂದೇ: ವಿವೇಕಾನಂದರು ಮಾತಾಡಿದ ಜಾಗ. 1893ರ ಸೆಪ್ಟೆಂಬರ್ 11ರಂದು ಸರ್ವಧರ್ಮ ಸಮ್ಮೇಳನ ಶುರುವಾದದ್ದು ಈ ಕಟ್ಟಡದಲ್ಲೇ. ಅವತ್ತಿನ ದೊಡ್ಡ ಸಭಾಂಗಣ ಈಗ ಹಾಗೇ ಉಳಿದಿಲ್ಲ, ಒಳಗೆ ಫುಲರ್ಟನ್ ಹಾಲ್ ಹತ್ತಿರ ನೆನಪಿನ ಫಲಕ ಇದೆ. ಅಪ್ಪ ಚಪ್ಪಲಿ ಬಿಟ್ಟು ನಿಂತರು. ಅವರು ಓದಿದ್ದು ಏಳನೇ ಕ್ಲಾಸು, ಸ್ಕೂಲಲ್ಲಿ ಬಾಯಿಪಾಠ ಮಾಡಿಸಿದ್ದ ಆ ಭಾಷಣದ ಮೊದಲ ಸಾಲನ್ನು ಮೆಲ್ಲಗೆ ಹೇಳಿಕೊಂಡರು. ನನಗೆ ಕಣ್ಣು ತುಂಬಿ ಬಂತು. ಎರಡು ಸಿಂಹಗಳಿರುವ ಬಾಗಿಲ ಮುಂದೆ ಫೋಟೋ ತೆಗೆದು ಹೊರಡುವವರು ಜಾಸ್ತಿ. ದಯವಿಟ್ಟು ಒಳಗೆ ಹೋಗಿ. ನಡೆಯಲು ಆಗದವರಿಗೆ ಕೇಳಿದರೆ ಗಾಲಿಕುರ್ಚಿ ಕೊಡುತ್ತಾರೆ, ಅಮ್ಮನಿಗೆ ತಗೊಂಡೆವು. ವಾರದ ಎಲ್ಲ ದಿನ ತೆರೆದಿರಲ್ಲ, ನೋಡಿಕೊಂಡು ಹೋಗಿ.

ಅಲ್ಲಿಂದ ಮಿಲೇನಿಯಂ ಪಾರ್ಕ್ ಪಕ್ಕದಲ್ಲೇ, ಟಿಕೆಟ್ ಇಲ್ಲ. ಮುಂಬೈಯಲ್ಲಿ ಹುಟ್ಟಿದ ಅನೀಶ್ ಕಪೂರ್ ಮಾಡಿದ, ಕನ್ನಡಿ ಹಾಗೆ ಹೊಳೆಯುವ 'ಕ್ಲೌಡ್ ಗೇಟ್' ಶಿಲ್ಪ ಇರುವುದು ಇಲ್ಲೇ, ಕಾಳಿನ ಆಕಾರ ಇರೋದರಿಂದ ಊರಿನವರ ಬಾಯಲ್ಲಿ ಬೀನ್. 168 ಸ್ಟೀಲ್ ತಗಡು ಬೆಸೆದಿದ್ದಾರೆ, ಒಂದು ಬೆಸುಗೆಯ ಗೆರೆಯೂ ಕಾಣಲ್ಲ. "ಹುಣಸೆಹಣ್ಣು ಹಾಕಿ ತಿಕ್ಕಿದ ಬಿಂದಿಗೆ ಹಂಗಿದೆ" ಅಂದರು ಅಮ್ಮ, ಅದರೊಳಗೆ ತಮ್ಮ ಮುಖ ಅಗಲವಾಗೋದು ನೋಡಿ ನಗುತ್ತಾ. ಎದುರು ರಸ್ತೆ ದಾಟಿದರೆ ಶಿಕಾಗೋ ಕಲ್ಚರಲ್ ಸೆಂಟರ್. ಇದನ್ನು ಬರೆದಿಟ್ಟುಕೊಳ್ಳಿ: ಒಳಗೆ ಹೋಗಲು ದುಡ್ಡಿಲ್ಲ, ಟಾಯ್ಲೆಟ್ ಇದೆ, ಕೂರಲು ಜಾಗ ಇದೆ. 1897ರಲ್ಲಿ ಲೈಬ್ರರಿಯಾಗಿ ಕಟ್ಟಿದ್ದು, ಮೇಲೆ ಬಣ್ಣದ ಗಾಜಿನ ದೊಡ್ಡ ಗುಮ್ಮಟ. ಅರ್ಧ ಗಂಟೆ ಅದರ ಕೆಳಗೆ ಕೂತಿದ್ದೆವು.

ನಮ್ಮ ಕಡೆಯ ಅಂಗಡಿ ಹೋಟೆಲ್‌ಗಳಿರುವ ಡೆವನ್ ಅವೆನ್ಯೂಗೂ ಹೋಗಿ ದೋಸೆ ತಿನ್ನಬೇಕು ಅಂತಿತ್ತು, ಅದು ಊರಿನ ಉತ್ತರದ ಕಡೆ, ದೂರ. ಬಿಟ್ಟೆವು.

ಕೊನೆಗೆ ಟ್ಯಾಕ್ಸಿ ಹಿಡಿದು, ಸರೋವರದೊಳಕ್ಕೆ ಚಾಚಿಕೊಂಡ ನೇವಿ ಪಿಯರ್ ಕಟ್ಟೆಯ ಪಕ್ಕದ ಓಹಾಯೋ ಸ್ಟ್ರೀಟ್ ಬೀಚ್. ಪಿಯರ್ ಒಳಗಿನ ಗದ್ದಲಕ್ಕೆ ಹೋಗಲೇ ಇಲ್ಲ, ಮರಳಲ್ಲಿ ಶಾಲು ಹಾಸಿ ಕೂತೆವು. ಆಚೆ ದಡ ಕಾಣಲ್ಲ, ಅಲೆ ಬರುತ್ತೆ, ಮರಳಿದೆ. ಇದು ಸಮುದ್ರ ಅಲ್ಲ ಅಂದರೆ ಅಮ್ಮ ನಂಬಲೇ ಇಲ್ಲ. ಸೀರೆ ಸ್ವಲ್ಪ ಎತ್ತಿ ಹಿಡಿದು ನೀರಿಗಿಳಿದು, ಬೆರಳು ಅದ್ದಿ ನಾಲಗೆಗೆ ಮುಟ್ಟಿಸಿಕೊಂಡರು.

"ಉಪ್ಪಿಲ್ಲ ಕಣ್ರೀ! ಸಿಹಿ ನೀರು!" ಅಂತ ಅಲ್ಲಿಂದಲೇ ಅಪ್ಪನನ್ನು ಕೂಗಿದರು.

ಮಿಶಿಗನ್ ಸರೋವರ ಸುಮಾರು 58,000 ಚದರ ಕಿಲೋಮೀಟರ್. ನಮ್ಮ ಇಡೀ ಕರ್ನಾಟಕವನ್ನು ಹತ್ತು ಪಾಲು ಮಾಡಿದರೆ ಅದರಲ್ಲಿ ಮೂರು ಪಾಲಿನಷ್ಟು ನೀರು. ಅಪ್ಪ ಏನೂ ಮಾತಾಡಲಿಲ್ಲ. ಪ್ಯಾಂಟ್ ಮಡಚಿಕೊಂಡು ಹೋಗಿ ಅಮ್ಮನ ಪಕ್ಕ ನಿಂತರು.

ಸಂಜೆ ಏಳಕ್ಕೆ ಯೂನಿಯನ್ ಸ್ಟೇಷನ್ ಬೆಂಚಿನ ಮೇಲೆ ರೈಲಿಗೆ ಕಾಯುತ್ತಾ ಕೂತಿದ್ದೆವು. ಊರಲ್ಲಿ ಆಗ ಬೆಳಗಿನ ಜಾವ ಐದೂವರೆ, ಪಕ್ಕದ ತೋಟದವರು ಎದ್ದಿರುತ್ತಾರೆ. ಅಪ್ಪ ನನ್ನ ಫೋನ್ ಇಸ್ಕೊಂಡು ಅವರಿಗೆ ಮಾಡಿದರು. ಗಾಜಿನ ಪೆಟ್ಟಿಗೆ ವಿಷಯ ಬರಲೇ ಇಲ್ಲ, ನದಿ ತಿರುಗಿಸಿದ ಕಥೆಯನ್ನು ರೈಲು ಬರೋವರೆಗೂ ಹೇಳುತ್ತಿದ್ದರು.